ವೆಲ್ಡಿಂಗ್ ಹೊಗೆಗೆ ಹಾಲು ಮದ್ದಲ್ಲ

ಅಬುಧಾಬಿಯ ಬನಿಯಾಸ್‌ಗೆ ಹತ್ತಿರದಲ್ಲೇ ಮುಸಫ್ಫಾ ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಫ್ಯಾಬ್ರಿಕೇಶನ್ ಶಾಪ್‌ಗಳಿಗೆ ಹೊಸದಾಗಿ ಸೇರಿದ ಹುಡುಗರಿಗೆ ಹಳಬರು ಹೇಳುವ ಮಾತೊಂದಿದೆ: "ದಿನಾ ಹಾಲು ಕುಡಿ, ಹೊಗೆ ಹೊಟ್ಟೆಯಲ್ಲಿ ನಿಲ್ಲೋದಿಲ್ಲ." ಹಾಲಿಲ್ಲದಿದ್ದರೆ ಮಜ್ಜಿಗೆಯಂಥ ಲಬನ್, ಅದೂ ಇಲ್ಲದಿದ್ದರೆ ಬಾಳೆಹಣ್ಣು. ಊರಲ್ಲಾದರೆ ಬೆಲ್ಲ. ರಷ್ಯಾದಲ್ಲಂತೂ ಅಪಾಯದ ಕೆಲಸದವರಿಗೆ ಪಾಳಿಗೆ ಅರ್ಧ ಲೀಟರ್ ಹಾಲು ಕೊಡಬೇಕೆಂಬುದು ಕಾನೂನಿನಲ್ಲೇ ಇದೆ. ಇಷ್ಟು ದೂರ ಹಬ್ಬಿದ ರೂಢಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಬದಲು ಒರೆಗೆ ಹಚ್ಚಿ ನೋಡಬೇಕು.

ಮೊದಲಿಗೆ ಅದರಲ್ಲಿರುವ ಸತ್ಯ. ವೆಲ್ಡಿಂಗ್ ಹೊಗೆಯೆಂದರೆ ನಮಗೆ ಶ್ವಾಸಕೋಶ ಮಾತ್ರ ನೆನಪಾಗುತ್ತದೆ. ಆದರೆ ಉಸಿರುನಾಳದ ಲೋಳೆಗೆ ಅಂಟಿದ ಕಣಗಳನ್ನು ಅಲ್ಲಿನ ಸೂಕ್ಷ್ಮ ರೋಮಗಳು ಗಂಟಲಿನವರೆಗೆ ತಳ್ಳುತ್ತವೆ. ಉಗುಳದೆ ಉಳಿದದ್ದನ್ನು ನಾವು ಗೊತ್ತಿಲ್ಲದೆ ನುಂಗುತ್ತೇವೆ. ಹೀಗೆ ಹೊಗೆಯ ಒಂದು ಪಾಲು ಹೊಟ್ಟೆಗೇ ಇಳಿಯುತ್ತದೆ. ಹಳಬರ ಮಾತು ಇದನ್ನು ಸರಿಯಾಗಿಯೇ ಗುರುತಿಸಿದೆ. ಇನ್ನೊಂದು ವಿಷಯ, ಹಳೇ ಪೇಂಟ್ ಬಳಿದ ಕಬ್ಬಿಣವನ್ನು ಕತ್ತರಿಸುವಾಗ, ಗ್ರೈಂಡ್ ಮಾಡುವಾಗ ಏಳುವ ಸೀಸ. ಖಾಲಿ ಹೊಟ್ಟೆಯಲ್ಲಿ, ಕ್ಯಾಲ್ಸಿಯಂ ಕಡಿಮೆಯಿರುವ ದೇಹದಲ್ಲಿ ಸೀಸ ಹೆಚ್ಚು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ತಿಂಡಿ ತಿಂದು ಕೆಲಸಕ್ಕೆ ಹೋಗುವವನಿಗೆ ಅಷ್ಟರ ಮಟ್ಟಿಗೆ ರಕ್ಷಣೆಯಿದೆ.

ಸತ್ಯ ಅಲ್ಲಿಗೆ ಮುಗಿಯಿತು. ಹಾಲು ಶ್ವಾಸಕೋಶವನ್ನು ತೊಳೆಯುವುದಿಲ್ಲ, ರಕ್ತಕ್ಕೆ ಸೇರಿದ ಲೋಹವನ್ನು ಹೊರಗೆ ತರುವುದಿಲ್ಲ. ಹಾಗಾದರೆ ಜನ ನಂಬಿದ್ದೇಕೆ? ಸತು ಲೇಪಿಸಿದ ಜಿಐ ಪೈಪ್ ವೆಲ್ಡ್ ಮಾಡಿದವನಿಗೆ ಸತುವಿನ ಹೊಗೆಯಿಂದ ಸಂಜೆ ಚಳಿಜ್ವರ ಬರುತ್ತದೆ, ಬಾಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸು. ಒಂದೆರಡು ದಿನದಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ನಡುವೆ ಕುಡಿದ ಹಾಲಿಗೆ ಹೆಸರು ಬರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಊಟದ ಹೊತ್ತಿನಲ್ಲಿ ನಡೆಯುತ್ತದೆ. ಗ್ಲೌಸ್ ಕಳಚಿ, ಕೈಯ ಮಸಿಯನ್ನು ಕಾಟನ್ ವೇಸ್ಟ್‌ಗೆ ಥಿನ್ನರ್ ಹಾಕಿ ಒರೆಸಿ, ಅದೇ ಬೆರಳುಗಳಲ್ಲಿ ಕುಬ್ಬೂಸ್ ರೊಟ್ಟಿ ಮುರಿದು ಸಾರಿಗೆ ಅದ್ದುತ್ತಾರೆ. ಉಗುರಿನ ಸಂದಿಯ ಕಪ್ಪು ಹಾಗೇ ಇರುತ್ತದೆ. ಗ್ರೈಂಡಿಂಗ್ ದೂಳು ಬಿದ್ದ ಬೆಂಚಿನ ಮೇಲೆಯೇ ಚಹಾ ಲೋಟ. ಸೀಸ ಹೊಟ್ಟೆ ಸೇರುವ ನೇರ ದಾರಿ ಇದು. ಅದು ಮೈಯಲ್ಲಿ ಹೆಚ್ಚಾದರೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ. ಇಂಥ ಕೈಗೆ ಬೇಕಾದ್ದು ಸಾಬೂನು, ಹರಿಯುವ ನೀರು, ಶಾಪ್‌ನಿಂದ ದೂರದಲ್ಲೊಂದು ಊಟದ ಜಾಗ.

ಬೇಸಿಗೆ ಈ ಹೊಟ್ಟೆಯ ತೊಂದರೆಗೆ ಇನ್ನಷ್ಟು ಸೇರಿಸುತ್ತದೆ. ಅಬುಧಾಬಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ತಗಡಿನ ಮಾಡಿನ ಕೆಳಗೆ ಚರ್ಮದ ಏಪ್ರನ್ ತೊಟ್ಟವನ ಬೆವರು ಅದರಿಂದ ನಿಲ್ಲುವುದಿಲ್ಲ. ನೀರು ಕಡಿಮೆಯಾಗಿ ಮಲ ಗಟ್ಟಿಯಾಗುತ್ತದೆ. ಬೆನ್ನುನೋವಿಗೆಂದು ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ಜಠರವನ್ನು ಸುಡುತ್ತದೆ. ಆಮೇಲೆ ಎಲ್ಲಕ್ಕೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು, ಒಂದೇ ಗುಳಿಗೆ.

ಹಾಲಿನ ರೂಢಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದು: ಹೊಗೆಯನ್ನು ಹುಟ್ಟುವಲ್ಲೇ ಹಿಡಿಯಬೇಕಾದ ಮಾಲೀಕನ ಹೊಣೆಯನ್ನು ಅದು ಕುಡಿಯುವವನ ತಲೆಗೆ ಕಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್) ವೆಲ್ಡಿಂಗ್‌ಗೂ, ಶಾಪ್ ಒಳಗಾದರೆ, ಹೊಗೆ ಹೀರುವ ಯಂತ್ರ ಬೇಕೆಂದು ಬ್ರಿಟನ್ನಿನ ಸುರಕ್ಷತಾ ಇಲಾಖೆ 2019ರಲ್ಲಿ ಹೇಳಿತು. ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿದರೆ ಸಾಲದು. ಯಂತ್ರಕ್ಕೆ ದುಡ್ಡು ಬೇಕು, ಹಾಲು ಅಗ್ಗ. ಅಗ್ಗವಾದದ್ದೇ ಪರಂಪರೆಯಾಗಿ ಉಳಿಯಿತು. ಮುಖಕ್ಕೆ ಸುತ್ತಿಕೊಳ್ಳುವ ಬಟ್ಟೆಯ ಕಥೆಯೂ ಇದೇ: ಅಷ್ಟು ಸಣ್ಣ ಕಣಗಳನ್ನು ಅದು ತಡೆಯಲಾರದು.

ಆಹಾರವಾಗಿ ಹಾಲಿಗೆ ಪೂರ್ತಿ ಅಂಕ, ಹೊಗೆಯ ವಿರುದ್ಧ ರಕ್ಷಣೆಯಾಗಿ ಸೊನ್ನೆ. ಕುಡಿಯುವುದನ್ನು ಬಿಡಬೇಕಿಲ್ಲ, ಅದನ್ನು ನಂಬಿ ಕೂರುವುದನ್ನು ಬಿಡಬೇಕು. ಹೊಟ್ಟೆನೋವು ವಾರಗಟ್ಟಲೆ ಬಿಡದಿದ್ದರೆ ಇನ್ಶೂರೆನ್ಸ್ ಕಾರ್ಡ್ ಹಿಡಿದು ಕ್ಲಿನಿಕ್ಕಿಗೆ ಹೋಗಿ, ವೈದ್ಯರು ಕೇಳುವ ಮೊದಲೇ ಹೇಳಿ: ನಾನು ವೆಲ್ಡರ್, ಇಂಥ ಲೋಹ, ಇಂಥ ರಾಡ್, ಹಳೇ ಪೇಂಟ್ ಸುಡುತ್ತೇನೆ. ರಕ್ತದಲ್ಲಿ ಸೀಸವಿದೆಯೇ ಎಂಬ ಪರೀಕ್ಷೆಗೆ ದಾರಿ ಮಾಡುವುದು ಆ ಮಾತು.