ಹೆಂಚು ಇಳಿಸುವ ಮುನ್ನ ಪಕಾಸು ನೋಡಿ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಈಗ ಹಳೆ ಮನೆಗಳ ಮಾಡು ಬದಲಾಗುತ್ತಿದೆ. ಮಂಗಳೂರು ಹೆಂಚು ಇಳಿದು ಅಂಗಳದ ಮೂಲೆ ಸೇರುತ್ತದೆ, ದುಡ್ಡು ಕಡಿಮೆ ಇದ್ದವರ ಮನೆಗೆ ಹೆಂಚಿನ ಅಚ್ಚಿನ ಬಣ್ಣದ ಶೀಟು ಬರುತ್ತದೆ, ಉಳ್ಳವರ ಮನೆಗೆ ‘ಸ್ಟೋನ್ ಕೋಟೆಡ್’ ಕಾಂಪೋಸಿಟ್ ಹೆಂಚು. ಎರಡನೆಯದರ ತಿರುಳು ಅರ್ಧ ಮಿಲಿಮೀಟರಿನಷ್ಟೇ ದಪ್ಪದ ಉಕ್ಕಿನ ತಗಡು. ಅದಕ್ಕೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪ, ಮೇಲೆ ಅಂಟು ಹಿಡಿದ ಕಲ್ಲಿನ ಹರಳು. 1950ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ರೂಪುಗೊಂಡ ತಂತ್ರ ಇದು. ಸಾಮಾನು ಒಳ್ಳೆಯದೇ. ಅದನ್ನು ನಮ್ಮ ಮನೆಗಳ ಮೇಲೆ ಹಾಕುತ್ತಿರುವ ಕ್ರಮ ಮಾತ್ರ ಬಹುಪಾಲು ತಪ್ಪು.

ಮನೆಯವರ ಕಷ್ಟ ನಿಜವಾದದ್ದು. ಮಂಗನ ಹಿಂಡು ಒಮ್ಮೆ ಮಾಡಿನ ಮೇಲೆ ಓಡಿದರೆ ಹತ್ತಾರು ಹೆಂಚು ಹೋಯಿತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಜನ ಸಿಗುವುದಿಲ್ಲ, ಸಿಕ್ಕವರಿಗೆ ಏರುವ ಧೈರ್ಯವಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿರುವುದು ವಯಸ್ಸಾದ ಅಪ್ಪ ಅಮ್ಮ. ಆಷಾಢದ ರಾತ್ರಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಡುತ್ತ ಕೂತವರಿಗೆ ಪರಂಪರೆಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಭಾರದ ಲೆಕ್ಕವೂ ಹೊಸ ಹೆಂಚಿನ ಪರವಾಗಿದೆ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 40 ಕಿಲೊ ತೂಗುತ್ತದೆ, ನೆನೆದು ಪಾಚಿ ಕಟ್ಟಿದರೆ ಇನ್ನೂ ಹೆಚ್ಚು. ಕಾಂಪೋಸಿಟ್ ಹೆಂಚು ಏಳು ಕಿಲೊದ ಆಸುಪಾಸು. ಸಾವಿರ ಚದರಡಿಯ ಮಾಡಿನ ಮೇಲೆ ಸುಮಾರು ಮೂರು ಟನ್ ಕಡಿಮೆಯಾಗುತ್ತದೆ. ಗೆದ್ದಲು ತಿಂದು ಬಾಗಿದ ಪಕಾಸಿಗೆ ಇದು ದೊಡ್ಡ ಉಪಕಾರ.

ಆದರೆ ಹಳೆಯ ಮಾಡು ನೀರು ತಡೆಯುವುದಕ್ಕಷ್ಟೇ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗ ಅಚ್ಚು ಯುರೋಪಿನದು, ಮಣ್ಣು ಇಲ್ಲಿನ ಹೊಳೆದಂಡೆಯದು. ಒಂದಕ್ಕೊಂದು ಕಚ್ಚಿ ಕೂರುವ ಆ ಹೆಂಚುಗಳ ಸಂದಿನಲ್ಲಿ ಗಾಳಿ ಆಡುತ್ತದೆ. ಒಲೆಯ ಹೊಗೆ, ಬಚ್ಚಲ ಹಂಡೆಯ ಹಬೆ, ಅಡಿಕೆ ಬೇಯಿಸುವ ಕಾಲದ ಉಸಿರು, ಎಲ್ಲವೂ ಆ ದಾರಿಯಲ್ಲೇ ಹೊರಹೋಗುತ್ತಿದ್ದವು. ಹೋಗುವಾಗ ಹೊಗೆ ಪಕಾಸು, ರೀಪುಗಳಿಗೆ ಮಸಿ ಹಿಡಿಸಿ ಹುಳ ಬೀಳದಂತೆ ಕಾಯುತ್ತಿತ್ತು. ಮನೆಗೆ ಗ್ಯಾಸ್ ಬಂದ ಮೇಲೆ ಆ ಕಾವಲು ಅರ್ಧ ಹೋಯಿತು. ಈಗ ಮಾಡೂ ಮುಚ್ಚಿಕೊಂಡರೆ ಉಳಿದರ್ಧವೂ ಹೋಗುತ್ತದೆ. ಒಳಗಿನ ಬೆಚ್ಚನೆಯ ಹಬೆ ರಾತ್ರಿ ತಣ್ಣಗಾದ ತಗಡಿಗೆ ತಾಗಿ ನೀರಾಗುತ್ತದೆ, ಹನಿ ಅಟ್ಟಕ್ಕೆ ಬೀಳುತ್ತದೆ. ಅಟ್ಟದಲ್ಲಿಟ್ಟ ಅಡಿಕೆ, ಮೆಣಸಿಗೆ ಬೂಷ್ಟು ಬರುತ್ತದೆ. ಮನೆಯವರು ಹೊಸ ಹೆಂಚು ಸೋರುತ್ತಿದೆ ಎಂದುಕೊಳ್ಳುತ್ತಾರೆ. ಸೋರುತ್ತಿಲ್ಲ, ಮನೆ ಉಸಿರುಗಟ್ಟಿ ಬೆವರುತ್ತಿದೆ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಸೂರಿನಂಚಿನಲ್ಲಿ ಗಾಳಿ ಒಳಬರಲು, ಮಾಡಿನ ನೆತ್ತಿಯಲ್ಲಿ ಹೊರಹೋಗಲು ದಾರಿ ಬಿಡಬೇಕು, ತಗಡಿನ ಕೆಳಗೆ ಹಬೆ ತಡೆಯುವ ಪದರ ಹಾಸಬೇಕು. ಗುತ್ತಿಗೆದಾರರು ಖರ್ಚು ಉಳಿಸಲು ಮೊದಲು ಬಿಡುವುದು ಇವೆರಡನ್ನೇ. ಎರಡು ಹೆಂಚಿನ ರೀಪಿನ ಅಂತರವೂ ಒಂದೇ ಅಲ್ಲ, ಹಳೆ ರೀಪಿನ ಮೇಲೆ ಹೇಗೋ ಹೊಂದಿಸಿ ಹೊಡೆದ ಹೆಂಚು ಗಾಳಿಗೆ ನಿಲ್ಲುವುದಿಲ್ಲ. ಹಳೆಯದು ತನ್ನ ತೂಕದಿಂದಲೇ ಕೂರುತ್ತಿತ್ತು, ಹೊಸದನ್ನು ಹಿಡಿದಿಡುವುದು ಮೊಳೆ ಮಾತ್ರ. ಗ್ರೈಂಡರಿನಲ್ಲಿ ಕತ್ತರಿಸಿದರೆ ಕಿಡಿಯ ಬಿಸಿಗೆ ಲೇಪ ಸುಟ್ಟು ಅಂಚಿನಿಂದಲೇ ತುಕ್ಕು ಶುರು. ಕತ್ತರಿ ಬಳಸಬೇಕು. ಆಗುಂಬೆ ಸೀಮೆಯಂಥ, ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿಯುವಲ್ಲಿ ಈ ತಪ್ಪುಗಳಿಗೆ ಕ್ಷಮೆಯಿಲ್ಲ.

ಮಳೆಯ ಸದ್ದಿನ ವಿಷಯದಲ್ಲಿ ಹರಳಿನ ಹೊದಿಕೆ ಬರೀ ಶೀಟಿಗಿಂತ ಎಷ್ಟೋ ವಾಸಿ. ರಿಪೇರಿಯಲ್ಲಿ ಮಾತ್ರ ಹಳೆಯದಕ್ಕೆ ಸಮವಿಲ್ಲ. ಒಡೆದ ಮಂಗಳೂರು ಹೆಂಚನ್ನು ಒಳಗಿನಿಂದಲೇ ಸರಿಸಿ ಬೇರೆಯದನ್ನು ಕೂರಿಸಬಹುದು, ಬೆಳಕು ಬೇಕಾದಲ್ಲಿ ಗಾಜಿನ ಹೆಂಚು ಇಡಬಹುದು. ಮೊಳೆ ಹೊಡೆದು ಸರಪಳಿಯಂತೆ ಬೆಸೆದ ಕಾಂಪೋಸಿಟ್ ಮಾಡಿನಲ್ಲಿ ನಡುವಿನ ಒಂದನ್ನು ತೆಗೆಯಲು ತಿಳಿದ ಕೆಲಸಗಾರನೇ ಬೇಕು.

ನನ್ನ ತೀರ್ಪು ಇಷ್ಟು. ಪಕಾಸು, ಜಂತಿ ಗಟ್ಟಿಯಿದ್ದರೆ ಹೆಂಚು ಇಳಿಸಬೇಡಿ. ಹಾಳಾದ ರೀಪು ಬದಲಿಸಿ, ಒಡೆದಷ್ಟು ಹೆಂಚು ಹಾಕಿಸಿ. ಮರ ಸೋತಿದ್ದರೆ, ಮಂಗನ ಕಾಟ ತಡೆಯಲಾಗದಿದ್ದರೆ ಕಾಂಪೋಸಿಟ್ ಹಾಕಿಸುವುದರಲ್ಲಿ ತಪ್ಪಿಲ್ಲ, ಗಾಳಿಯ ದಾರಿಯನ್ನು ಕರಾರಿನಲ್ಲಿ ಬರೆಸಿಕೊಂಡು, ವಾರಂಟಿ ಪತ್ರದಲ್ಲಿ ಜೋಡಣೆಯ ತಪ್ಪಿಗೆ ಯಾರು ಹೊಣೆ ಎಂದಿದೆಯೋ ಓದಿಕೊಂಡು ಹಾಕಿಸಿ. ಇಳಿಸಿದ ಹಳೆ ಹೆಂಚನ್ನು ತಿಪ್ಪೆಗೆ ಎಸೆಯಬೇಡಿ. ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ನಿಮ್ಮೂರಿನಲ್ಲೇ ಯಾರದೋ ಕೊಟ್ಟಿಗೆಗೆ, ದೇವಸ್ಥಾನಕ್ಕೆ ಆ ಹೆಂಚು ಬೇಕಾಗಿರುತ್ತದೆ.