19ರ ಬೆನ್ನಿಗೆ 10ಸಿ

ಕೆಲಸ ಬಿಟ್ಟು ಎರಡು ತಿಂಗಳು ಕಳೆಯುತ್ತಲೇ ಸೈಬರ್ ಸೆಂಟರಿಗೆ ಹೋಗಿ ಪಿಎಫ್ ಕ್ಲೇಮ್ ಹಾಕಿಸುವುದು ಮಾಲೂರಿನ ಕೈಗಾರಿಕಾ ಪ್ರದೇಶದಿಂದ ಹಿಡಿದು ನರಸಾಪುರ, ವೇಮಗಲ್‌ವರೆಗೆ ಬೇರೂರಿದ ವಾಡಿಕೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಕಂಪನಿ ಬಸ್ಸು ಹತ್ತುವ ಎಷ್ಟೋ ಹುಡುಗ ಹುಡುಗಿಯರಿಗೆ ಸಂಬಳ ಕೊಡುವುದು ಕಂಪನಿಯಲ್ಲ, ಗುತ್ತಿಗೆ ಏಜೆನ್ಸಿ. ಏಜೆನ್ಸಿ ಬದಲಾದಾಗೆಲ್ಲ ಪಿಎಫ್‌ನ ಮೆಂಬರ್ ಐಡಿಯೂ ಬದಲು. ಹೀಗೆ ಆಗಾಗ ದುಡ್ಡು ತೆಗೆಯುವುದನ್ನು ಹಣಕಾಸಿನ ಸಲಹೆಗಾರರು ದುಡುಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಾವಿರ ಅಡಿ ಕೊರೆಸಿಯೂ ನೀರು ಕಾಣದ ಬೋರ್‌ವೆಲ್ಲಿನ ಸಾಲ, ಮಾವಿಗೆ ರೇಟು ಬಿದ್ದ ವರ್ಷ, ಮನೆಯಲ್ಲೊಂದು ಮದುವೆ: ಇವುಗಳ ಎದುರು 58ರ ನಿವೃತ್ತಿ ವಯಸ್ಸಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ತೆಗೆಯುವುದರಲ್ಲಿ ತಪ್ಪಿಲ್ಲ. ತೆಗೆಸಿಕೊಡುವವರು ಏನನ್ನು ತೆಗೆಸುತ್ತಿದ್ದಾರೆ ಎಂಬುದರಲ್ಲಿದೆ ನನ್ನ ತಕರಾರು.

ಸಲಹೆ ಕೊಡುವವರ ಬಾಯಲ್ಲಿ ಮೊದಲು ಬರುವುದು ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ. ಐದು ವರ್ಷ ತುಂಬದೆ 50,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ತೆಗೆದರೆ ಶೇ 10 ಮುರಿದುಕೊಳ್ಳುತ್ತಾರೆ. ಪ್ಯಾನ್ ಜೋಡಿಸಿರದಿದ್ದರೆ ಶೇ 20. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರು 15ಜಿ ಎಂದು ಹೆಸರಾದ ಘೋಷಣೆ ಕೊಟ್ಟು ಇದನ್ನು ತಪ್ಪಿಸಿಕೊಳ್ಳಬಹುದು. ಮುರಿದುಕೊಂಡಿದ್ದರೂ ರಿಟರ್ನ್ ಹಾಕಿ ವಾಪಸು ಪಡೆಯಬಹುದು. ಹಳೆಯ ಖಾತೆಯ ದುಡ್ಡನ್ನು ಹೊಸದಕ್ಕೆ ವರ್ಗಾಯಿಸಿಕೊಂಡಿದ್ದರೆ ಹಿಂದಿನ ಕೆಲಸದ ಅವಧಿಯೂ ಆ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ವಿನಾಯಿತಿಯನ್ನು ಹೇಳುವವರು ಕಡಿಮೆ: ಅನಾರೋಗ್ಯದಿಂದ, ಮಾಲೀಕರು ವ್ಯವಹಾರ ನಿಲ್ಲಿಸಿದ್ದರಿಂದ, ಇಲ್ಲವೇ ನೌಕರನ ಕೈಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ ಐದು ವರ್ಷದ ಷರತ್ತೇ ಇಲ್ಲ. ಗುತ್ತಿಗೆ ಮುಗಿಯಿತೆಂದು ಮನೆಗೆ ಕಳಿಸಿದ್ದು ಕೈಮೀರಿದ ಕಾರಣವಲ್ಲದೆ ಮತ್ತೇನು? ಆದರೆ ಬಿಟ್ಟ ಕಾರಣ ಎಂಬ ಕಾಲಮ್ಮಿನಲ್ಲಿ ಏನು ತುಂಬಿದೆ ಎಂದು ನೋಡುವ ಪುರುಸೊತ್ತು ಯಾರಿಗಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಟಿಡಿಎಸ್ ಇಲ್ಲಿನ ದೊಡ್ಡ ನಷ್ಟವಲ್ಲ. ಅಂತಿಮ ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಯೂ ಇರುವುದಿಲ್ಲ ಎಂದು ಸರಕಾರವೇ 2025ರಲ್ಲಿ ಹೇಳಿದೆ. ಅಷ್ಟು ದುಡ್ಡಿಗೆ ಟಿಡಿಎಸ್ ಬರುವುದೇ ಇಲ್ಲ.

ನಷ್ಟವಾಗುವುದು ಎರಡನೇ ಫಾರಮ್ಮಿನಲ್ಲಿ. ಪಿಎಫ್ ದುಡ್ಡಿಗೆ ಫಾರಂ 19, ಪಿಂಚಣಿ ಭಾಗಕ್ಕೆ ಫಾರಂ 10ಸಿ. ಮಾಲೀಕರು ಕಟ್ಟುವ ಶೇ 12ರಲ್ಲಿ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಅದೂ 15,000 ರೂಪಾಯಿ ಸಂಬಳದ ಮಿತಿಯವರೆಗೆ. ಸೈಬರ್ ಸೆಂಟರಿನವರು 19ರ ಬೆನ್ನಿಗೇ 10ಸಿಯನ್ನೂ ಒತ್ತಿಬಿಡುತ್ತಾರೆ. ದುಡ್ಡು ಜಾಸ್ತಿ ಬಂದಷ್ಟೂ ಗಿರಾಕಿಗೆ ಖುಷಿ. ಆ ಕ್ಷಣಕ್ಕೆ ಅಲ್ಲಿಯವರೆಗಿನ ಪಿಂಚಣಿ ಸೇವೆ ಸೊನ್ನೆ. ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಾಲ್ಕು ವರ್ಷ ಮಾಲೂರಿನಲ್ಲಿ, ಮೂರು ನರಸಾಪುರದಲ್ಲಿ, ಮತ್ತೆ ನಾಲ್ಕು ವೇಮಗಲ್‌ನಲ್ಲಿ ದುಡಿದವರಿಗೆ ಒಟ್ಟು 11 ವರ್ಷ. ಪ್ರತಿ ಸಲವೂ 10ಸಿ ಹಾಕಿಸಿದ್ದರೆ ಮೂರು ಸಲ ಒಂದನೇ ತರಗತಿಗೆ ಸೇರಿದಂತೆ.

ಅದೇ 10ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳುವ ಅವಕಾಶವೂ ಇದೆ. ಸೇವೆ ಉಳಿಯುತ್ತದೆ, ಮುಂದಿನ ಕೆಲಸಕ್ಕೆ ಸೇರಿಕೊಳ್ಳುತ್ತದೆ. 19 ಮಾತ್ರ ಹಾಕಿ ಪಿಂಚಣಿಯನ್ನು ಮುಟ್ಟದೆ ಬಿಡಲೂಬಹುದು. ಹಾಗೆ ಉಳಿಸಿ ಸಿಗುವುದೆಷ್ಟು ಎಂದು ಕೇಳುವವರಿಗೆ ಲೆಕ್ಕ: ಸಂಬಳದ ಮಿತಿಯಾದ 15,000ವನ್ನು ಸೇವೆಯ 10 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,142 ರೂಪಾಯಿ. ಬೆಲೆ ಏರಿದರೂ ಇದು ಏರುವುದಿಲ್ಲ. ಕನಿಷ್ಠ ಪಿಂಚಣಿಯಂತೂ 2014ರಲ್ಲಿ 1,000ಕ್ಕೆ ನಿಂತದ್ದು ಅಲ್ಲೇ ಇದೆ. ಈ ಮೊತ್ತ ನೋಡಿದರೆ ಯುವಕರು ನಗುವುದು ಸಹಜ. ಪಿಂಚಣಿಯನ್ನು ಇಷ್ಟು ಬಡಕಲಾಗಿ ಇಟ್ಟು, ಉಳಿಸಿಕೊಳ್ಳಿ ಎಂದು ಬುದ್ಧಿ ಹೇಳುವುದರಲ್ಲಿ ಒಂದಿಷ್ಟು ನಾಚಿಕೆಯೂ ಇರಬೇಕು. ಆದರೂ ಕೂಲಿ ಮಾಡಲು ಮೈ ಕೇಳದ ವಯಸ್ಸಿನಲ್ಲಿ ಆ 2,142 ತಿಂಗಳು ತಪ್ಪದೆ ಬರುತ್ತದೆ.

ಬಲವಂತದಿಂದ ಉಳಿಸಲು ಹೊರಟಾಗ ಏನಾಯಿತು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಮಾಲೀಕರ ಪಾಲನ್ನು 58ರವರೆಗೆ ತೆಗೆಯಬಾರದೆಂದು 2016ರ ಫೆಬ್ರುವರಿಯಲ್ಲಿ ಆದೇಶ ಬಂತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದು ಹೊಸೂರು ರಸ್ತೆ ಬಂದ್ ಮಾಡಿದರು. 19ರಂದೇ ಕೇಂದ್ರ ಸರಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು.

2025ರ ಅಕ್ಟೋಬರ್ 13ರಂದು ಪಿಎಫ್ ಟ್ರಸ್ಟಿಗಳ ಮಂಡಳಿ ಕೈಗೊಂಡ ತೀರ್ಮಾನ ಅದಕ್ಕಿಂತ ಜಾಣತನದ್ದು. ಮುಕ್ಕಾಲು ಪಾಲು ದುಡ್ಡನ್ನು ತಕ್ಷಣ ತೆಗೆಯಬಹುದು, ಕಾಲು ಪಾಲು ಖಾತೆಯಲ್ಲಿರಬೇಕು. ಪೂರ್ತಿ ಚುಕ್ತಾ ಮಾಡಲು ಎರಡು ತಿಂಗಳ ಬದಲು 12 ತಿಂಗಳು, ಪಿಂಚಣಿ ಭಾಗಕ್ಕೆ 36 ತಿಂಗಳು ಕಾಯಬೇಕು. ಕಾಲು ಪಾಲು ತಡೆಹಿಡಿಯುವುದು ನನಗೆ ಒಪ್ಪಿಗೆಯಿಲ್ಲ, ಕೆಲಸ ಹೋದವರ ಕೈ ಕಟ್ಟುವ ನಿಯಮ ಅದು. 36 ತಿಂಗಳ ನಿಯಮವನ್ನು ಮಾತ್ರ ಮೆಚ್ಚುತ್ತೇನೆ. ಏಜೆನ್ಸಿಯಿಂದ ಏಜೆನ್ಸಿಗೆ ಹಾರುವವರು ಅಷ್ಟರಲ್ಲಿ ಇನ್ನೊಂದು ಕೆಲಸಕ್ಕೆ ಸೇರಿರುತ್ತಾರೆ, ಸೇವೆ ತಾನಾಗಿ ಉಳಿಯುತ್ತದೆ. ಇದರ ಜೊತೆಗೆ 10ಸಿ ಒತ್ತುವ ಮೊದಲು ಸ್ಕ್ರೀನಿನ ಮೇಲೆ ಕನ್ನಡದಲ್ಲಿ ಒಂದು ಸಾಲು ಬರಲಿ: ನಿಮ್ಮ ಸೇವೆ ಈವರೆಗೆ ಏಳು ವರ್ಷ, ಹತ್ತಕ್ಕೆ ಇನ್ನು ಮೂರು ಬಾಕಿ. ಸೈಬರ್ ಸೆಂಟರಿನ ಹುಡುಗ ಅದನ್ನು ಓದಿ ಹೇಳುತ್ತಾನೆ.