‘ಗಿಮ್ಮಿ ಶೆಲ್ಟರ್’: ಸತ್ತವನ ಕಡೆಯಿಂದ ಒಂದು ನೋಟ

ರಾಕ್ ಸಂಗೀತದ ಚರಿತ್ರೆ ಬರೆದವರಿಗೆಲ್ಲ ಒಂದು ತಾರೀಖು ಬಾಯಿಪಾಠ: 1969ರ ಡಿಸೆಂಬರ್ 6. ಅವತ್ತು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಎಂಬ ಕಾರ್ ರೇಸಿನ ಬಯಲಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಪುಕ್ಕಟೆ ಕಛೇರಿ ಕೊಟ್ಟಿತು, ಸುಮಾರು 3 ಲಕ್ಷ ಜನ ಸೇರಿದರು, ಒಂದು ಕೊಲೆಯಾಯಿತು, ಅಲ್ಲಿಗೆ ಅರವತ್ತರ ದಶಕದ ಕನಸು ಸತ್ತುಹೋಯಿತು ಅಂತ ಬರೆಯುತ್ತಾರೆ. ನನ್ನ ತಕರಾರು ಈ ವಾಕ್ಯದ ಮೇಲೇ ಇದೆ. ಸತ್ತದ್ದು ಕನಸಲ್ಲ. ಸತ್ತದ್ದು ಮೆರೆಡಿತ್ ಹಂಟರ್ ಎಂಬ 18 ವರ್ಷದ ಕಪ್ಪು ಹುಡುಗ. ಬರ್ಕ್ಲಿಯವನು. ಹಸಿರು ಸೂಟು ಹಾಕಿಕೊಂಡು ಹಾಡು ಕೇಳೋಕೆ ಬಂದಿದ್ದ.

ಆ ದಿನವನ್ನೂ ಅದಕ್ಕೆ ಮುಂಚಿನ ತಿರುಗಾಟವನ್ನೂ ಚಿತ್ರಿಸಿಕೊಂಡ ಸಾಕ್ಷ್ಯಚಿತ್ರ ‘ಗಿಮ್ಮಿ ಶೆಲ್ಟರ್’. ಆಲ್ಬರ್ಟ್ ಮತ್ತು ಡೇವಿಡ್ ಮೇಸಲ್ಸ್ ಎಂಬ ಅಣ್ಣತಮ್ಮಂದಿರು ಹಾಗೂ ಷಾರ್ಲಟ್ ಜ್ವೆರಿನ್ ಸೇರಿ ಮಾಡಿದ್ದು. ಕೊಲೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, 1970ರ ಡಿಸೆಂಬರ್ 6ರಂದು ಬಿಡುಗಡೆಯಾಯಿತು. ನಾನು ಅದನ್ನು ನೋಡಿದ್ದು ಒಂದು ಚಿತ್ರೋತ್ಸವದ ಹಳೆಯ ಚಿತ್ರಗಳ ವಿಭಾಗದಲ್ಲಿ. ಕ್ಯೂನಲ್ಲಿ ನಿಂತಿದ್ದ ಹುಡುಗರ ಟೀ ಶರ್ಟುಗಳ ಮೇಲೆಲ್ಲ ಆ ತಂಡದ ಗುರುತಾದ ಕೆಂಪು ನಾಲಿಗೆ. ಒಳಗೆ ಹೋದಮೇಲೆ ಸಂಗೀತ ಶುರುವಾಯಿತು ನೋಡಿ, ನನ್ನ ಕಾಲೂ ತಾಳ ಹಾಕಿತು. ಇದನ್ನು ಮುಚ್ಚಿಡಬೇಕಾದ್ದೇನೂ ಇಲ್ಲ. ತಮಟೆಯ ಬಡಿತ ಕೇಳಿ ಬೆಳೆದ ಮೈ ಚಾರ್ಲಿ ವಾಟ್ಸ್‌ನ ಡ್ರಮ್ಮಿಗೆ ಅಲುಗದೆ ಕೂರುವುದು ಕಷ್ಟ. ಮೈ ಒಪ್ಪಿಕೊಂಡದ್ದನ್ನು ಬುದ್ಧಿಯೂ ಒಪ್ಪಲೇಬೇಕೆಂದೇನಿಲ್ಲವಲ್ಲ.

ಚಿತ್ರದ ಕಟ್ಟುವಿಕೆ ಜಾಣತನದ್ದು. ಅದು ಕತೆಯನ್ನು ಮೊದಲಿನಿಂದ ಕೊನೆಗೆ ಹೇಳಿಕೊಂಡು ಹೋಗುವುದಿಲ್ಲ. ಕಛೇರಿಯೆಲ್ಲ ಮುಗಿದು ಎಷ್ಟೋ ದಿನವಾದ ಮೇಲೆ ಮಿಕ್ ಜಾಗರ್ ಮತ್ತು ವಾಟ್ಸ್ ಸಂಕಲನದ ಮೇಜಿನ ಮುಂದೆ ಕೂತು ತಮ್ಮದೇ ಚಿತ್ರದ ತುಣುಕುಗಳನ್ನು ನೋಡುತ್ತಿರುತ್ತಾರೆ. ನಾವು ಅವರು ನೋಡುವುದನ್ನು ನೋಡುತ್ತೇವೆ. ಇದು ಜ್ವೆರಿನ್ ಅವರ ಯೋಚನೆ. ಕೊಲೆಯಾಗಿದೆ ಎಂಬುದು ನಮಗೆ ಮೊದಲೇ ಗೊತ್ತು. ಹೀಗಾಗಿ ಮುಂದಿನ ಪ್ರತಿಯೊಂದು ಹಾಡೂ ಆ ಸಾವಿನ ಕಡೆಗೇ ನಡೆದುಹೋಗುತ್ತಿರುವಂತೆ ಕಾಣುತ್ತದೆ. ಜಾಗಕ್ಕಾಗಿ ವಕೀಲ ಮೆಲ್ವಿನ್ ಬೆಲ್ಲಿ ಫೋನಿನಲ್ಲಿ ನಡೆಸುವ ವ್ಯಾಪಾರ, ಕಡೇ ಗಳಿಗೆಯಲ್ಲಿ ಬದಲಾದ ಬಯಲು, ಬೇರೊಂದು ಜಾಗಕ್ಕೆಂದು ತಯಾರಾಗಿ ಇಲ್ಲಿ ಜನರ ಎದೆಮಟ್ಟಕ್ಕೂ ಬಾರದ ವೇದಿಕೆ, ಅದರ ಕಾವಲಿಗೆ ಹೆಲ್ಸ್ ಏಂಜೆಲ್ಸ್ ಎಂಬ ಬಿಳಿಯರ ಮೋಟಾರ್ ಸೈಕಲ್ ಪಡೆ. ಅವರ ಕೂಲಿ 500 ಡಾಲರಿನ ಬಿಯರ್ ಎಂಬ ಮಾತು ಪ್ರಸಿದ್ಧ. ಯಾರು ಯಾರಿಗೆ ಏನು ಒಪ್ಪಿಕೊಂಡಿದ್ದರು ಎಂಬ ಜಗಳ ಮಾತ್ರ ಕಡೆಗೂ ಬಗೆಹರಿಯಲಿಲ್ಲ. ಬಿಲಿಯರ್ಡ್ಸ್ ಕೋಲು ಹಿಡಿದು ಅವರು ಜನರನ್ನು ಬಡಿಯುವುದನ್ನು ಕ್ಯಾಮೆರಾ ಬಿಡದೆ ತೋರಿಸುತ್ತದೆ. ಹಾಡುವುದಕ್ಕೆ ಬಂದ ಮಾರ್ಟಿ ಬ್ಯಾಲಿನ್‌ಗೂ ಏಟು ಬೀಳುತ್ತದೆ.

ಆಮೇಲೆ ಆ ಗಳಿಗೆ. ಜನಜಂಗುಳಿಯಲ್ಲಿ ಒಂದು ಬಿರುಕು, ಹಸಿರು ಸೂಟು, ಮೇಲೆದ್ದ ಒಂದು ಕೈ, ಹಾರಿಬೀಳುವ ಚಾಕು. ಕೆಲವೇ ಸೆಕೆಂಡು. ಮೊದಲ ಸಲಕ್ಕೆ ಏನೂ ಗೊತ್ತಾಗಲ್ಲ. ಜಾಗರ್ ಮತ್ತೊಮ್ಮೆ ತೋರಿಸಿ ಅನ್ನುತ್ತಾನೆ. ಡೇವಿಡ್ ಮೇಸಲ್ಸ್ ಫಿಲ್ಮನ್ನು ಹಿಂದಕ್ಕೆ ತಿರುಗಿಸಿ, ನಿಧಾನ ಮಾಡಿ, ನಿಲ್ಲಿಸಿ ತೋರಿಸುತ್ತಾನೆ: ಇದೋ ಪಿಸ್ತೂಲು. ಗೆಳತಿಯ ಬಿಳಿ ಹೆಣಿಗೆಯ ಉಡುಪಿನ ಮೇಲೆ ಅದರ ಕಪ್ಪು ಆಕಾರ ಸ್ಪಷ್ಟ.

ನನ್ನ ವಿಮರ್ಶೆ ಈ ನಿಲ್ಲಿಸಿದ ಚಿತ್ರದಿಂದಲೇ ಶುರುವಾಗಬೇಕು. ಸಿನಿಮಾವನ್ನು ನಿಲ್ಲಿಸಿದಾಗ ಪಿಸ್ತೂಲು ಕಾಣುತ್ತದೆ, ಪಿಸ್ತೂಲಿನ ಕಾರಣ ಕಾಣುವುದಿಲ್ಲ. ಈ ಘಟನೆಯ ಮೇಲೆ 2018ರಲ್ಲಿ ಪುಸ್ತಕ ಬರೆದ ಸಾಲ್ ಆಸ್ಟರ್ಲಿಟ್ಜ್, ಹಂಟರ್‌ನ ಅಕ್ಕ ಅವನನ್ನು ಎಚ್ಚರಿಸಿದ್ದನ್ನು ದಾಖಲಿಸಿದ್ದಾರೆ. ಊರಾಚೆಯ ಆ ಗುಡ್ಡಗಾಡು ಕಪ್ಪು ಜನ ನಿರ್ಭಯವಾಗಿ ಓಡಾಡುವ ಸೀಮೆಯಾಗಿರಲಿಲ್ಲ. ಜೊತೆಗೆ ಬಂದ ಗೆಳತಿ ಬಿಳಿಯವಳು. ಬಿಳಿಯ ಹುಡುಗಿಯ ಪಕ್ಕ ನಡೆಯುವ ಕಪ್ಪು ಹುಡುಗ ಜೇಬಿನಲ್ಲಿ ಏನು ಇಟ್ಟುಕೊಳ್ಳಬೇಕಾಗುತ್ತದೆ, ಯಾಕೆ ಇಟ್ಟುಕೊಳ್ಳಬೇಕಾಗುತ್ತದೆ ಅನ್ನುವುದನ್ನು ನಮ್ಮ ಹಳ್ಳಿಗಳಲ್ಲಿ ಜಾತಿ ಮೀರಿ ಪ್ರೀತಿಸಿದ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಅದಕ್ಕೆ ಸಂಕಲನದ ಮೇಜು ಬೇಕಾಗಿಲ್ಲ. ಹಂಟರ್ ಪಿಸ್ತೂಲು ತೆಗೆದದ್ದು ಸುಳ್ಳಲ್ಲ. ಅವನ ಮೈಯಲ್ಲಿ ಮಾದಕ ವಸ್ತು ಇದ್ದದ್ದೂ ದಾಖಲೆಯಲ್ಲಿದೆ. ಆದರೆ ಒಂದು ಬದುಕಿನಿಂದ ಆ ಒಂದು ಚೌಕಟ್ಟನ್ನು ಮಾತ್ರ ಕತ್ತರಿಸಿ ಎತ್ತಿಕೊಂಡರೆ ಅಪರಾಧಿ ಯಾರು ಎಂಬುದು ಆಗಲೇ ತೀರ್ಮಾನವಾಗಿಹೋಗಿರುತ್ತದೆ.

ಆದದ್ದೂ ಹಾಗೆಯೇ. ಇರಿದ ಅಲನ್ ಪಸಾರೊ ಎಂಬ ಏಂಜೆಲ್‌ನ ವಿಚಾರಣೆಯಲ್ಲಿ ಜ್ಯೂರಿಗೆ ಇದೇ ದೃಶ್ಯ ತೋರಿಸಲಾಯಿತು. ಆತ್ಮರಕ್ಷಣೆ ಎಂಬ ವಾದ ಗೆದ್ದು 1971ರಲ್ಲಿ ಅವನು ಖುಲಾಸೆಯಾದ. ಇಪ್ಪತ್ತು ವರ್ಷದ ನಂತರ ಅದೇ ಕ್ಯಾಲಿಫೋರ್ನಿಯಾದಲ್ಲಿ ರಾಡ್ನಿ ಕಿಂಗ್‌ನನ್ನು ಪೊಲೀಸರು ಬಡಿದದ್ದನ್ನು ಒಬ್ಬರು ವಿಡಿಯೊ ಮಾಡಿದರು. 1992ರ ಮೊದಲ ವಿಚಾರಣೆಯಲ್ಲಿ ಪೊಲೀಸರ ವಕೀಲರು ಆ ವಿಡಿಯೊವನ್ನೇ ಒಂದೊಂದು ಚೌಕಟ್ಟಾಗಿ ಬಿಡಿಸಿ, ನೆಲಕ್ಕೆ ಬಿದ್ದವನು ಮೈ ಅಲುಗಿಸಿದ್ದೇ ಅಪಾಯದ ಗುರುತೆಂದು ವಾದಿಸಿದರು. ಜ್ಯೂರಿ ಯಾರಿಗೂ ಶಿಕ್ಷೆ ಕೊಡಲಿಲ್ಲ. ಲಾಸ್ ಏಂಜಲಿಸ್ ಹೊತ್ತಿ ಉರಿಯಿತು. ನಿಧಾನಗೊಳಿಸಿದ ಏಟಿಗೆ ನೋವು ಇರುವುದಿಲ್ಲ. ಕ್ಯಾಮೆರಾ ಇದ್ದರೆ ನ್ಯಾಯ ಸಿಕ್ಕೀತು ಅಂತ ನಂಬುವ ನಮ್ಮ ಗೆಳೆಯರು ಇದನ್ನು ಗಮನಿಸಬೇಕು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟಾಗ ಅಲ್ಲಿ ಕ್ಯಾಮೆರಾ ಇರಲಿಲ್ಲ, ಸಾಕ್ಷಿಗಳು ಪ್ರತಿಕೂಲವಾದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಕ್ಯಾಮೆರಾ ಇತ್ತು, ಇಲ್ಲಿ ಇರಲಿಲ್ಲ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಸಾವನ್ನು ಚಿತ್ರಿಸಿದ 17 ವರ್ಷದ ಹುಡುಗಿ ಮಾತ್ರ ಬೇರೆ ಕೆಲಸ ಮಾಡಿದಳು. ಒಂಬತ್ತು ನಿಮಿಷವೂ ಕತ್ತರಿಸದೆ ಹಿಡಿದುಕೊಂಡು ನಿಂತಳು. ಬೀದಿಗಿಳಿದ ಜನ ಅದಕ್ಕೊಂದು ಅರ್ಥ ಕೊಟ್ಟರು.

ಪ್ರದರ್ಶನ ಮುಗಿದಮೇಲೆ ಚರ್ಚೆಯಲ್ಲಿ ಒಬ್ಬ ಹಿರಿಯರು, ಇದು ಒಂದು ಯುಗದ ಮುಗ್ಧತೆ ಸತ್ತ ಕತೆ ಅಂದರು. ಸತ್ತವನ ಹೆಸರೇನು ಅಂತ ಕೇಳಿದೆ. ನೆನಪಿಗೆ ಬರಲಿಲ್ಲ ಅವರಿಗೆ. ಅವರನ್ನು ಹಂಗಿಸಲಿಕ್ಕೆ ಇದನ್ನು ಹೇಳುತ್ತಿಲ್ಲ. ಚಿತ್ರ ಅವರಿಗೆ ಹಾಗೆ ನೋಡುವುದನ್ನು ಕಲಿಸಿದೆ. ಒಂದು ಸಾವು ರೂಪಕವಾದ ಕೂಡಲೇ ಸತ್ತವನು ಮಾಯವಾಗುತ್ತಾನೆ. ನವ್ಯ ವಿಮರ್ಶೆಯಲ್ಲಿ ಪಳಗಿದ ನಮಗೆ ಇದು ಹೊಸದಲ್ಲ. ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣದ ಸುತ್ತ ಇಡೀ ಕಾದಂಬರಿ ಸುತ್ತುತ್ತದೆ. ಹೊಲಗೇರಿಯಲ್ಲೂ ಅದೇ ಮಾರಿ ಜನರನ್ನು ತಿನ್ನುತ್ತದೆ; ಅಲ್ಲಿ ಗುಡಿಸಲ ಸಮೇತ ಬೆಂಕಿ ಇಟ್ಟರೆ ಮುಗಿಯಿತು, ಕೆಲವು ವಾಕ್ಯ ಸಾಕು. ಅಗ್ರಹಾರದ ಹೆಣ ಪ್ರಶ್ನೆಯಾಗುತ್ತದೆ, ಕೇರಿಯ ಹೆಣ ಹಿನ್ನೆಲೆಯಾಗುತ್ತದೆ. ‘ಗಿಮ್ಮಿ ಶೆಲ್ಟರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಪ್ಪು ಹುಡುಗನ ಹೆಣವನ್ನೇ ನಡುವೆ ಇಟ್ಟುಕೊಂಡು ಪ್ರಶ್ನೆಯನ್ನು ಮಾತ್ರ ಬಿಳಿಯ ಗಾಯಕನ ಮುಖದ ಮೇಲೆ ಬರೆಯುತ್ತದೆ. ಎದ್ದು ಹೊರಡುವ ಜಾಗರ್‌ನ ಮುಖವನ್ನು ಚಿತ್ರ ನಿಶ್ಚಲಗೊಳಿಸುತ್ತದೆ. ಆ ಮುಖದಲ್ಲಿ ಪಶ್ಚಾತ್ತಾಪ ಇದೆಯೋ ಇಲ್ಲವೋ ಎಂದು ಐದು ದಶಕ ಚರ್ಚೆ ನಡೆದಿದೆ!

ಇದು ನೇರ ಸಿನಿಮಾ, ಎದುರಿಗೆ ನಡೆದದ್ದನ್ನು ತೋರಿಸುತ್ತದೆ, ವ್ಯಾಖ್ಯಾನ ಮಾಡುವುದಿಲ್ಲ ಅಂತ ಒಬ್ಬ ಗೆಳೆಯ ವಾದಿಸಿದ. ಅರ್ಧ ಒಪ್ಪುತ್ತೇನೆ. ನಿರೂಪಕನ ಬೋಧನೆ ಇಲ್ಲದಿರುವುದು ಈ ಚಿತ್ರದ ದೊಡ್ಡ ಗುಣ. ಸಿನಿಮಾಕ್ಕಾಗಿಯೇ ಇಂಥ ಕಛೇರಿ ಏರ್ಪಾಟಾಯಿತು ಎಂಬ ಅರ್ಥದಲ್ಲಿ ಪಾಲೀನ್ ಕೇಲ್ ಆಗಲೇ ಹರಿಹಾಯ್ದಿದ್ದರು. ನನಗೆ ಆ ಆಪಾದನೆ ಅತಿ ಅನ್ನಿಸುತ್ತದೆ. ಆದರೆ ಮೇಜಿನ ಮುಂದೆ ಯಾರನ್ನು ಕೂರಿಸಬೇಕು ಎಂಬುದು ತಾನಾಗಿ ನಡೆದದ್ದಲ್ಲ, ಆಯ್ದದ್ದು. ಗಾಯಕನನ್ನು ಕೂರಿಸಿದರು. ಹಂಟರ್‌ನ ತಾಯಿಯ ಮನೆಗೆ ಕ್ಯಾಮೆರಾ ಹೋಗಲಿಲ್ಲ. ಬರ್ಕ್ಲಿ ಆ ಬಯಲಿಂದ ಒಂದು ಗಂಟೆಯ ದಾರಿ.

ಚಿತ್ರದಲ್ಲಿ ಕಪ್ಪು ಜನ ಇಲ್ಲವೆಂದಲ್ಲ. ಟೀನಾ ಟರ್ನರ್ ಹಾಡುತ್ತಾರೆ, ಎದೆ ನಡುಗುವಂತೆ. ಅದರ ಬಗ್ಗೆ ಜಾಗರ್ ಆಡುವ ಹಗುರ ಮಾತೂ ಚಿತ್ರದಲ್ಲಿದೆ. ಬ್ಲ್ಯಾಕ್ ಪ್ಯಾಂಥರ್‌ಗಳ ಕೋರ್ಟು ಖರ್ಚಿಗೆ ಚಂದಾ ಎತ್ತುವ ಒಬ್ಬ ಬಿಳಿ ಹುಡುಗಿ ಬರುತ್ತಾಳೆ. ಅವಳು ಕೇಳುವ ಧಾಟಿಯಲ್ಲಿ ಕನಿಕರವೇ ಜಾಸ್ತಿ. ಆಲ್ಟಮಾಂಟಿಗೆ ಎರಡೇ ದಿನ ಮುಂಚೆ, ಡಿಸೆಂಬರ್ 4ರಂದು, ಷಿಕಾಗೋದಲ್ಲಿ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ಪೊಲೀಸರು ಮನೆಗೆ ನುಗ್ಗಿ ಕೊಂದಿದ್ದರು. 1972ರಲ್ಲಿ ಮುಂಬಯಿಯ ನಮ್ಮವರು ದಲಿತ್ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದು ಇವರಿಂದಲೇ. ಪ್ಯಾಂಥರ್ಸ್ ಹುಟ್ಟಿದ ಓಕ್ಲೆಂಡ್, ಹಂಟರ್‌ನ ಬರ್ಕ್ಲಿಗೆ ಅಂಟಿಕೊಂಡ ಊರು.

ಇನ್ನು ಸಂಗೀತದ ಮಾತು. ರೋಲಿಂಗ್ ಸ್ಟೋನ್ಸ್ ಎಂಬ ಹೆಸರೇ ಮಡ್ಡಿ ವಾಟರ್ಸ್‌ನ ಹಾಡೊಂದರಿಂದ ಬಂದದ್ದು. ಚಿತ್ರದಲ್ಲಿ ನಿಧಾನಗತಿಯಲ್ಲಿ ತೋರಿಸುವ ಒಂದು ಹಾಡು ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್‌ದು. 1937ರಲ್ಲಿ ಧ್ವನಿಮುದ್ರಿಸಿ ಮರುವರ್ಷ 27ಕ್ಕೇ ತೀರಿಕೊಂಡ. 1969ರ ಸ್ಟೋನ್ಸ್ ತಟ್ಟೆಯ ಮೇಲೆ ಮೊದಲು ಆ ಹಾಡಿನ ಕರ್ತೃ ‘ವುಡಿ ಪೇಯ್ನ್’ ಎಂದು ಅಚ್ಚಾಗಿತ್ತು. (ನಮ್ಮಲ್ಲಿ ಮೃದಂಗಕ್ಕೆ ಚರ್ಮ ಹದ ಮಾಡುವವನ ಹೆಸರು ಯಾವ ಕಛೇರಿಯ ಆಹ್ವಾನಪತ್ರಿಕೆಯಲ್ಲಿರುತ್ತದೆ, ಹೇಳಿ.) ಸ್ಟೋನ್ಸ್ ಕಪ್ಪು ಗಾಯಕರನ್ನು ಪ್ರೀತಿಸಿದ್ದು ನಿಜ, ಮೆರೆಸಿದ್ದೂ ನಿಜ. ಆದರೆ ಅದೇ ಆಲ್ಟಮಾಂಟಿನಲ್ಲಿ ಅವರು ಮೊದಲ ಸಲ ಜನರ ಮುಂದೆ ಹಾಡಿದ ‘ಬ್ರೌನ್ ಶುಗರ್’, ಗುಲಾಮ ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಕುಣಿತದ ತಾಳಕ್ಕೆ ಕೂರಿಸಿದ ಹಾಡು. ಹಂಟರ್ ಸತ್ತಮೇಲೆ ಹಾಡಿದ್ದು! 2021ರ ತಿರುಗಾಟದಲ್ಲಿ ಅದನ್ನು ಕೈಬಿಟ್ಟರು. ಐವತ್ತು ವರ್ಷ ಬೇಕಾಯಿತು.

ಅದೇ 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆರು ಭಾನುವಾರ ಕಪ್ಪು ಜನರ ಸಂಗೀತೋತ್ಸವ ನಡೆಯಿತು. ಒಟ್ಟು ಸೇರಿದವರು ಅಲ್ಲೂ ಸುಮಾರು 3 ಲಕ್ಷ. ಸ್ಲೈ ಸ್ಟೋನ್ ಹಾಡಿದ ದಿನ ಕಾವಲು ನಿಂತವರು ಬ್ಲ್ಯಾಕ್ ಪ್ಯಾಂಥರ್‌ಗಳು. ಹಾಲ್ ಟುಲ್ಚಿನ್ ಎಂಬಾತ ಸುಮಾರು 40 ಗಂಟೆ ಚಿತ್ರಿಸಿಕೊಂಡರೂ ಕೊಳ್ಳುವವರಿರಲಿಲ್ಲ. ಐವತ್ತು ವರ್ಷ ಡಬ್ಬಗಳಲ್ಲಿ ಬಿದ್ದಿದ್ದ ಅದನ್ನು ಕ್ವೆಸ್ಟ್‌ಲವ್ ಎತ್ತಿ ‘ಸಮ್ಮರ್ ಆಫ್ ಸೋಲ್’ ಮಾಡಿದಾಗ 2021. ಕಪ್ಪು ಹುಡುಗ ಸತ್ತ ಚಿತ್ರಕ್ಕೆ ಒಂದು ವರ್ಷದಲ್ಲಿ ಚಿತ್ರಮಂದಿರ ಸಿಕ್ಕಿತು. ಕಪ್ಪು ಜನ ಮಕ್ಕಳುಮರಿ ಕಟ್ಟಿಕೊಂಡು ನಕ್ಕು ಕುಣಿದ ಚಿತ್ರಕ್ಕೆ ಐದು ದಶಕ ಕಾಯಬೇಕಾಯಿತು. ಇದನ್ನು ಮಾರುಕಟ್ಟೆಯ ಆಕಸ್ಮಿಕ ಅನ್ನುವವರ ಜೊತೆ ನನಗೆ ಮಾತಿಲ್ಲ.

ಹಂಟರ್‌ನನ್ನು ವಲೇಹೊದ ಸ್ಮಶಾನವೊಂದರಲ್ಲಿ ಹೂಳಿದರು. ಮೂವತ್ತೆಂಟು ವರ್ಷ ಗೋರಿಗೆ ಕಲ್ಲಿರಲಿಲ್ಲ. 2006ರಲ್ಲಿ ಸ್ಯಾಮ್ ಗ್ರೀನ್ ಆ ಜಾಗ ಹುಡುಕಿಕೊಂಡು ಹೋಗಿ ಒಂದು ಪುಟ್ಟ ಚಿತ್ರ ಮಾಡಿದ. ಅದರ ಹೆಸರು ಗೋರಿಯ ಸಂಖ್ಯೆಯೇ: ‘ಲಾಟ್ 63, ಗ್ರೇವ್ ಸಿ’. ಅದನ್ನು ನೋಡಿದವರು ಚಂದಾ ಹಾಕಿ 2008ರಲ್ಲಿ ಕಲ್ಲು ನೆಡಿಸಿದರು. ಬ್ಲೂಸ್‌ನ ಬೆಸ್ಸಿ ಸ್ಮಿತ್‌ಗೂ ಹೀಗೆಯೇ ಆಗಿತ್ತು. 1937ರಲ್ಲಿ ಸತ್ತಾಕೆಗೆ 1970ರಲ್ಲಿ ಜಾನಿಸ್ ಜಾಪ್ಲಿನ್ ಮತ್ತು ಇನ್ನೊಬ್ಬ ಹೆಂಗಸು ಸೇರಿ ದುಡ್ಡು ಕೊಟ್ಟ ಮೇಲೆ ಕಲ್ಲು ಬಂತು.

ಗ್ರೀನ್‌ನ ಚಿತ್ರ ಹತ್ತು ನಿಮಿಷದಷ್ಟೇ ಇದೆ. ಉತ್ಸವದವರು ‘ಗಿಮ್ಮಿ ಶೆಲ್ಟರ್’ ಮುಗಿದ ಬೆನ್ನಿಗೇ ಅದನ್ನೂ ತೋರಿಸಬಹುದಾಗಿತ್ತು. ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ, ತಾಲೂಕು ಕೇಂದ್ರಗಳಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಾರಲ್ಲ, ಅವರು ಎರಡನ್ನೂ ಜೊತೆಯಾಗಿ ತರಿಸಲಿ. ಚಿಕ್ಕದನ್ನು ಮೊದಲು ತೋರಿಸಲಿ.